ಕೋಲು ಜಿಗಿತ: ಅದರ ಅಪಾಯಗಳೂ ಎಚ್ಚರಿಕೆಯ ನಿಯಮಗಳೂ



ನಮ್ಮ ಶಾಲೆಯಲ್ಲಿ ಓದಿ ಈಗ ಸಂಸಾರಸ್ಥೆಯಾಗಿರುವ ಒಬ್ಬಾಕೆ ಕೆಲವು ತಿಂಗಳ ಹಿಂದೆ ನನಗೊಂದು ಪತ್ರ ಬರೆದಳು. ಆಕೆಯ ಮಗಳು ಬೇರೊಂದು ಊರಿನ ಮೈದಾನದಲ್ಲಿ ಕೋಲು ಜಿಗಿತವನ್ನು, ಅಂದರೆ ಪೋಲ್ ವಾಲ್ಟ್ ಎಂಬ ಆಟವನ್ನು, ಕಲಿಯುತ್ತಿರುವಳು. ಅಲ್ಲಿ ಒಂದು ಸಂಜೆ ಹುಡುಗನೊಬ್ಬನು ಜಿಗಿಯುತ್ತಿರುವಾಗಲೇ ಕೋಲು ಮುರಿದು ತುಂಡಾಯಿತು. ಅವನ ಅಂಗೈ ತರಚಿತೇ ಹೊರತು ಹೆಚ್ಚಿನ ಪೆಟ್ಟಾಗಲಿಲ್ಲ. ಆದರೆ ಆ ಸದ್ದನ್ನು ಕೇಳಿದ ತಾಯಿಗೆ ಅಂದು ರಾತ್ರಿ ನಿದ್ರೆ ಹತ್ತಲಿಲ್ಲ. "ಟೀಚರೇ, ಆಟಕ್ಕೆ ಹಿಂಜರಿಯಬೇಡಿರೆಂದು ನಮಗೆ ಕಲಿಸಿದವರು ನೀವೇ. ಈಗ ಮಗಳನ್ನು ಬಿಡಿಸಲೋ, ಮುಂದುವರಿಸಲೋ, ಹೇಳಿರಿ" ಎಂದು ಕೇಳಿದ್ದಳು.

ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಧೈರ್ಯ ಬರಲಿಲ್ಲ. ವಿಷಯವನ್ನು ಅಭ್ಯಸಿಸಿ ಆಕೆಗೆ ಬರೆದುದನ್ನೇ ಇಲ್ಲಿ ಕೊಡುತ್ತೇನೆ. ಇತರ ತಾಯಿತಂದೆಗಳಿಗೂ ಇದು ಪ್ರಯೋಜನವಾದೀತು.

ಈ ಆಟವು 1896ರ ಅಥೆನ್ಸ್ ಒಲಿಂಪಿಕ್ ಪಂದ್ಯಗಳಿಂದಲೂ ಪುರುಷರಿಗೆ ಉಂಟು. ಸ್ತ್ರೀಯರಿಗೆ ಆ ಅವಕಾಶ ದೊರೆತದ್ದು 2000ದಲ್ಲಿ, ಸಿಡ್ನಿಯಲ್ಲಿ. ಅಲ್ಲಿ ಅಮೇರಿಕದ ಸ್ಟೇಸಿ ಡ್ರಗೀಲಾ 4.60 ಮೀಟರ್ ದಾಟಿ ಗೆದ್ದಳು. 2005ರಲ್ಲಿ ರಷ್ಯದ ಯೆಲೆನಾ ಇಸಿನ್‌ಬಾಯೆವಾ 5 ಮೀಟರ್ ದಾಟಿದ ಪ್ರಥಮ ಮಹಿಳೆಯಾದಳು. ಆದಕಾರಣ ಹೆಣ್ಣುಮಕ್ಕಳಿಗೆ ಇದು ಸಲ್ಲದೆಂಬ ಮಾತಿಗೆ ಇನ್ನು ಎಡೆಯಿಲ್ಲ. ಅಪಾಯವು ಎಲ್ಲಿ ಅಡಗಿದೆ, ಅದನ್ನು ತಡೆಯತಕ್ಕವರು ಯಾರು ಎಂಬದೇ ನಾವು ಕೇಳಬೇಕಾದ ಪ್ರಶ್ನೆ.

ಮೊದಲು ಕೋಲಿನ ವಿಚಾರ. ಹಿಂದಿನವರು ಬಿದಿರಿನ ಗಳುವನ್ನು ಹಿಡಿದು ಜಿಗಿಯುತ್ತಿದ್ದರು. 1940ರಲ್ಲಿ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಎಂಬವನು ಮೊತ್ತಮೊದಲು 15 ಅಡಿ ದಾಟಿದ್ದು ಬಿದಿರಿನಿಂದಲೇ. ಈಗಿನ ಕೋಲು ಫೈಬರ್‌ಗ್ಲಾಸಿನ ಟೊಳ್ಳು ಕೊಳವೆ. ಓಟದ ವೇಗವನ್ನು ಅದು ಬಾಗಿ ತನ್ನಲ್ಲಿ ತುಂಬಿಕೊಳ್ಳುವದು. ನೆಟ್ಟಗಾಗುವಾಗ ಜಿಗಿಯುವವಳನ್ನು ಮೇಲಕ್ಕೆತ್ತುವದು. ಹೀಗೆ ಬಾಗುವದಕ್ಕೆಂದೇ ಮಾಡಿದ ಕೋಲು ಮುರಿಯುವದೇಕೆ? ಮೊಳೆಬೂಟಿನ ತುಳಿತದಿಂದಲೋ ಕಬ್ಬಿಣದ ಕಂಬಕ್ಕೆ ಬಡಿದೋ ಅದರ ಮೈಯಲ್ಲಿ ಸಣ್ಣದೊಂದು ಗೀರು ಬಿದ್ದಿದ್ದರೆ, ಬಾಗುವಾಗಿನ ಒತ್ತಡವೆಲ್ಲ ಆ ಗೀರಿನ ಕಡೆಗೆ ಕೂಡುವದು. ಜಿಗಿಯುವವರ ತೂಕ ಕೋಲಿನ ಶಕ್ತಿಯನ್ನು ಮೀರಿದರೂ ಅದು ಅಳತೆಗೆ ಮೀರಿ ಬಾಗಿ ಮುರಿಯಬಹುದು. ನೋಡುವವರಿಗೆ ಒಂದೇ ಕ್ಷಣದಲ್ಲಿ ಮುರಿದಂತೆ ಕಂಡರೂ, ಕೆಲವು ವೇಳೆ ಅದರ ಕಾರಣವು ವಾರಗಳ ಹಿಂದೆಯೇ ಹುಟ್ಟಿರುವದು.

2012ರ ಲಂಡನ್ ಒಲಿಂಪಿಕ್‌ನಲ್ಲಿ ಕ್ಯೂಬಾದ ಲಾಸಾರೊ ಬೊರ್ಹೆಸ್ ಜಿಗಿಯುತ್ತಿದ್ದಾಗ ಅವನ ಕೋಲು ಮೂರು ತುಂಡಾಯಿತು. ಅವನು ಮೆತ್ತೆಯ ಮೇಲೆ ಬಿದ್ದುದರಿಂದ ದೊಡ್ಡ ಗಾಯವಿಲ್ಲದೆ ಎದ್ದನು. ಕೋಲು ಮುರಿದರೆ ಆ ಜಿಗಿತವನ್ನು ಸೋಲೆಂದು ಎಣಿಸದೆ ಇನ್ನೊಮ್ಮೆ ಜಿಗಿಯಗೊಡಬೇಕೆಂಬದು ಅಂತರರಾಷ್ಟ್ರೀಯ ನಿಯಮ.

ಆದರೆ ಕೋಲು ಮುರಿಯದಿದ್ದರೆ ಭಯವಿಲ್ಲವೆಂದು ತಿಳಿಯಕೂಡದು. ಓಟದ ವೇಗ ಸಾಲದಿದ್ದರೆ, ಇಲ್ಲವೆ ಕೋಲು ಅತಿ ಗಡುಸಾಗಿದ್ದರೆ, ಅದು ನೆಟ್ಟಗೆ ನಿಂತು ಮುಂದಕ್ಕೆ ಸಾಗದೆ ಜಿಗಿದವಳನ್ನು ಬಂದ ದಾರಿಗೇ ಹಿಂದಕ್ಕೆ ಕೆಡಹುವದು. ಅಲ್ಲಿರುವದು ಮೆತ್ತೆಯಲ್ಲ, ಕೋಲನ್ನು ಊರುವ ಗಟ್ಟಿಯಾದ ಗುಳಿ. 2002ರ ಫೆಬ್ರವರಿಯಲ್ಲಿ ಅಮೇರಿಕದ ಮಿನಿಯಾಪೊಲಿಸ್ ಪಟ್ಟಣದಲ್ಲಿ ಕೆವಿನ್ ಡೇರ್ ಎಂಬ 19 ವರ್ಷದ ವಿದ್ಯಾರ್ಥಿ ಹೀಗೆ ಗುಳಿಗೆ ತಲೆಕೆಳಗಾಗಿ ಬಿದ್ದು ತೀರಿಕೊಂಡನು. ಅವನ ತಂದೆ ಆ ದುಃಖದಲ್ಲಿ ಸುಮ್ಮನೆ ಕೂಡದೆ ಸುರಕ್ಷತೆಗಾಗಿ ಶ್ರಮಿಸಿದನು. 2003ರಲ್ಲಿ ಆ ದೇಶದ ಶಾಲಾಕಾಲೇಜುಗಳ ಮೆತ್ತೆಯ ಅಳತೆಯನ್ನು ಹೆಚ್ಚಿಸಿದರು. ಅನಂತರ ಗುಳಿಯ ಸುತ್ತಲೂ ಮೆತ್ತನೆಯ ಕಟ್ಟು ಇರಬೇಕೆಂಬ ನಿಯಮವೂ ಬಂತು. 2015ರ ಜುಲೈಯಲ್ಲಿ ಆಸ್ಟ್ರಿಯದ ಕೀರಾ ಗ್ರೂನ್‌ಬರ್ಗ್ ಅಭ್ಯಾಸದ ವೇಳೆ ಬಿದ್ದು ಕತ್ತಿನ ಎಲುಬು ಮುರಿದು, ನಡೆಯುವ ಶಕ್ತಿಯನ್ನು ಕಳಕೊಂಡಳು. ಆಕೆ ತನ್ನ ದೇಶದಲ್ಲೇ ಹೆಚ್ಚು ಎತ್ತರ ಜಿಗಿದವಳಾಗಿದ್ದಳು. ಆದದರಿಂದ ಚೆನ್ನಾಗಿ ಬಲ್ಲವರಿಗೆ ನಿಯಮ ಬೇಡವೆಂಬದು ಸುಳ್ಳು; ಅಭ್ಯಾಸದ ದಿನವೂ ಪಂದ್ಯದ ದಿನದಷ್ಟೇ ಜಾಗ್ರತೆಯನ್ನು ಬೇಡುವದು.

ಪಾಲಕರು ಮೈದಾನಕ್ಕೆ ಹೋಗಿ ತಮ್ಮ ಕಣ್ಣಾರೆ ನೋಡತಕ್ಕ ವಿಷಯಗಳು ಇವು:

1. ಕೋಲಿನ ಮೇಲೆ ತಯಾರಿಸಿದವರು ತೂಕದ ಅಂಕೆಯನ್ನು ಬರೆದಿರುವರು. ಮಗಳ ತೂಕ ಆ ಅಂಕೆಯನ್ನು ಮೀರಿರಬಾರದು. ಹಾಗೆಂದು ಅವಳ ಶಕ್ತಿಗೆ ಮೀರಿದ ಗಡುಸು ಕೋಲನ್ನೂ ಕೊಡಬಾರದು. ಗೆಳತಿಯ ಕೋಲನ್ನು ಕೇಳದೆ ಎತ್ತಿಕೊಳ್ಳುವದು ಕೂಡದು.

2. ಪ್ರತಿದಿನ ಜಿಗಿಯುವ ಮೊದಲು ಕೋಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಆಳವಾದ ಗೀರಾಗಲಿ ಬಿರುಕಾಗಲಿ ಕಂಡರೆ ಅದನ್ನು ಬೇರೆ ಯಾರೂ ಬಳಸದಂತೆ ಕತ್ತರಿಸಿ ಬಿಡುವದು ಒಳ್ಳೇದು.

3. ಕೋಲನ್ನು ನೆಲದ ಮೇಲೆ ತುಳಿತಕ್ಕೆ ಬಿಡಬಾರದು. ಅಭ್ಯಾಸದಲ್ಲಿ, ಜಿಗಿದ ಮೇಲೆ ಹಿಂದಕ್ಕೆ ಬೀಳುವ ಕೋಲನ್ನು ಹಿಡಿಯಲು ಒಬ್ಬರು ನಿಂತಿರಬೇಕು.

4. ಅಂತರರಾಷ್ಟ್ರೀಯ ದೊಡ್ಡ ಪಂದ್ಯಗಳಲ್ಲಿ ಮೆತ್ತೆಯು 6 ಮೀಟರ್ ಉದ್ದ, 6 ಮೀಟರ್ ಅಗಲ, 80 ಸೆಂಟಿಮೀಟರ್ ಎತ್ತರಕ್ಕೆ ಕಡಮೆ ಇರಬಾರದು. ಮೆತ್ತೆಯ ತುಂಡುಗಳ ನಡುವೆ ಸಂದು ಬಿಟ್ಟಿರಬಾರದು. ಗುಳಿಯ ಅಂಚುಗಳಿಗೂ ಕಂಬಗಳ ಬುಡಕ್ಕೂ ಮೆತ್ತನೆಯ ಹೊದಿಕೆ ಬೇಕು.

5. ಹೊಸಬರು ಕೋಲನ್ನು ತಗ್ಗಿನಲ್ಲಿ ಹಿಡಿದು, ಕೆಲವೇ ಹೆಜ್ಜೆ ಓಡಿ ಕಲಿಯಬೇಕು. ಹಿಡಿತದ ಎತ್ತರವನ್ನು ಬಲ್ಲ ಗುರುವಿನ ಅಪ್ಪಣೆಯಿಂದಲೇ ಏರಿಸಬೇಕು. ಗುರುವಿಲ್ಲದಾಗ ಒಬ್ಬಳೇ ಜಿಗಿಯುವದಂತೂ ಸರ್ವಥಾ ಕೂಡದು.

6. ಓಟ ತಪ್ಪಿತೆಂದು ಹುಡುಗಿಗೆ ತೋರಿದರೆ ಜಿಗಿಯದೆ ನಿಲ್ಲುವ ಹಕ್ಕು ಅವಳಿಗಿರಬೇಕು. ಹಾಗೆ ನಿಂತವಳನ್ನು ಯಾರೂ ನಗಬಾರದು.

ಈ ಕೊನೆಯ ನಿಯಮವು ಎಲ್ಲಕ್ಕಿಂತ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಅನೇಕ ವರ್ಷ ಬಾಲಿಕೆಯರಿಗೆ ಕಲಿಸಿ ನಾನು ಕಂಡುಕೊಂಡದ್ದೇನಂದರೆ, ಅಂಜುಬುರುಕಿ ಎನ್ನಿಸಿಕೊಳ್ಳುವ ನಾಚಿಕೆಯಿಂದ ಅವರು ತಮ್ಮ ಮನಸ್ಸು ಹೇಳಿದ ಎಚ್ಚರಿಕೆಯನ್ನು ನುಂಗಿಕೊಳ್ಳುವರು. "ಇಂದು ಬೇಡ" ಎಂದು ಧೈರ್ಯವಾಗಿ ಹೇಳುವದನ್ನು ನಾವು ಅವರಿಗೆ ಕಲಿಸದಿದ್ದರೆ ಮೆತ್ತೆ ಎಷ್ಟು ದಪ್ಪವಿದ್ದೂ ಸಾಲದು.

ಆ ತಾಯಿಗೆ ನಾನು ಬರೆದದ್ದಿಷ್ಟೇ: "ಮಗಳೊಂದಿಗೆ ಮೈದಾನಕ್ಕೆ ಹೋಗು. ಮುರಿದ ಕೋಲು ಏಕೆ ಮುರಿಯಿತೆಂದು ಕೇಳು. ಕಾರಣವನ್ನು ಹುಡುಕಿ, ಉಳಿದ ಕೋಲುಗಳನ್ನೂ ಪರೀಕ್ಷಿಸಿದ್ದರೆ ಅವಳನ್ನು ಜಿಗಿಯಗೊಡು. ನಿನ್ನ ಪ್ರಶ್ನೆಗೆ ನಗೆಯೇ ಉತ್ತರವಾಗಿ ಬಂದರೆ, ಅವಳ ಕೈ ಹಿಡಿದು ಮನೆಗೆ ಕರಕೊಂಡು ಬಾ. ಬೇರೆ ಮೈದಾನ ಹುಡುಕಿದರೆ ಸಿಕ್ಕೀತು."

ಆಕೆ ಹೋಗಿ ಕೇಳಿದಳು. ಅಲ್ಲಿಯ ಗುರುಗಳು ಬೇಸರಪಡದೆ ಆ ತುಂಡುಗಳನ್ನು ತಂದು, ಹಳೆಯ ಗೀರು ಇದ್ದ ಸ್ಥಳವನ್ನು ತೋರಿಸಿದರಂತೆ. ಗೀರು ಬಿದ್ದಿದ್ದ ಬೇರೆರಡು ಕೋಲುಗಳನ್ನು ಆಗಲೇ ತೆಗೆದಿಟ್ಟಿದ್ದರಂತೆ. ಮಗಳು ಈಗಲೂ ಜಿಗಿಯುತ್ತಿರುವಳು. ತಾಯಿಯು ವಾರಕ್ಕೊಮ್ಮೆ ಹೋಗಿ, ಕೋಲನ್ನು ಬೆಳಕಿಗೆ ಹಿಡಿದು ನೋಡುವ ಕೆಲಸವನ್ನು ತಾನೂ ಕಲಿತುಕೊಂಡಿರುವಳು.