ಒಂದು ಗಂಟೆ ತಡೆದುಕೋ

ಕಾಫಿ ಬೋರ್ಡ್ ಲೇಔಟ್, ಕೆಂಪಾಪುರ

ಪುಟ್ಟಿ,

ಭಾನುವಾರ ಎಲ್ಲರೆದುರು ಬೈಯಬಾರದೆಂದು ಸುಮ್ಮನಿದ್ದೆ. ಥೈರಾಯ್ಡ್ ಮಾತ್ರೆಯನ್ನು ನಾನು ಕೊಟ್ಟ ಕಾಫಿಯಲ್ಲೇ ನುಂಗಿದೆಯಲ್ಲ! ಸಾಲದ್ದಕ್ಕೆ, ‘ಡೋಸ್ ಜಾಸ್ತಿ ಮಾಡಿದ್ರೂ ಟಿಎಸ್‌ಎಚ್ ಇಳೀತಿಲ್ಲ ದೊಡ್ಡಮ್ಮ, ಮಾತ್ರೆ ಬಿಟ್ಟು ಬರೀ ಅಶ್ವಗಂಧದ ಪುಡೀನೇ ತಗೊಳ್ಲಾ?’ ಅಂದೆ.

ನನಗೂ ನಲವತ್ಮೂರರಲ್ಲಿ ಇದೇ ಮಾತ್ರೆ ಗಂಟುಬಿತ್ತು. ಅಂಬೇಡ್ಕರ್ ವೀಧಿಯ ಕಾಫಿ ಬೋರ್ಡ್ ಆಫೀಸಿಗೆ ಹೊರಡುವ ಗಡಿಬಿಡಿ. ಐದೂವರೆಗೆದ್ದು ರಾತ್ರಿ ಇಳಿಸಿಟ್ಟ ಡಿಕಾಕ್ಷನ್‌ಗೆ ಹಾಲು ಬೆರೆಸಿ, ಎಡಗೈಯಲ್ಲಿ ಲೋಟ, ಬಲ ಅಂಗೈಯಲ್ಲಿ ಸಾಬಕ್ಕಿಗಿಂತ ತುಸು ದೊಡ್ಡ ಮಾತ್ರೆ. ಕಬ್ಬಿಣದ ಮಾತ್ರೆಯೂ ಅದೇ ಗುಟುಕಿಗೆ. 50 ಮೈಕ್ರೋಗ್ರಾಂ 75 ಆಯಿತು, 100 ಆಯಿತು. ಸುಸ್ತು ಹಾಗೇ ಇತ್ತು, ಬಾಚಣಿಗೆ ತುಂಬ ಕೂದಲು. ಕೊನೆಗೆ ಮೆಡಿಕಲ್ ಶಾಪಿನ ಮುದುಕರು, ‘ಯಾವುದ್ರ ಜೊತೆ ನುಂಗ್ತೀರಮ್ಮ?’ ಅಂದರು. ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕಾಫಿ ಬೋರ್ಡಿನ ಸಂಬಳ ತಿಂದವಳು ಕಾಫಿಯ ಮೇಲೆ ಚಾಡಿ ಹೇಳುವಂತಾಯಿತು.

ಮರುದಿನದಿಂದ ಎದ್ದ ಕೂಡಲೇ ಬರೀ ನೀರಿನಲ್ಲಿ ಮಾತ್ರೆ. ಒಂದು ಗಂಟೆ ಅಲಾರಂ. ಪಕ್ಕದ ಮನೆಯ ಡಿಕಾಕ್ಷನ್ ಘಮ ಕಿಟಕಿಯಿಂದ ಬಂದಾಗ ನಿಜಕ್ಕೂ ಅಳು ಬರುತ್ತಿತ್ತು. ಎರಡು ತಿಂಗಳಿಗೆ ಟಿಎಸ್‌ಎಚ್ ಎಷ್ಟು ಇಳಿಯಿತೆಂದರೆ ಡಾಕ್ಟರೇ 75ಕ್ಕೆ ಇಳಿಸಿದರು. 2008ರಲ್ಲಿ ಇಟಲಿಯ ವೈದ್ಯರು ಬರೆದದ್ದೂ ಇದನ್ನೇ: ಎಸ್ಪ್ರೆಸೊ ಜೊತೆ ನುಂಗಿದರೆ ಈ ಔಷಧಿಯನ್ನು ಕರುಳು ಸರಿಯಾಗಿ ಹೀರುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಇನ್ನೂ ಕೆಟ್ಟವು, ಕರುಳಲ್ಲೇ ಅದನ್ನು ಕಚ್ಚಿ ಹಿಡಿದುಬಿಡುತ್ತವೆ. ಅವಕ್ಕೆ 4 ಗಂಟೆ ಅಂತರ ಬೇಕು.

ನಿನ್ನ ದೊಡ್ಡಪ್ಪನದು ಉಲ್ಟಾ ಕಥೆ. ಅವರಿಗೆ ದೇವನಹಳ್ಳಿ ಚಕ್ಕೋತ ಅಂದರೆ ಪ್ರಾಣ. ತೊಳೆ ಬಿಡಿಸಿ ಉಪ್ಪು ಖಾರ ಉದುರಿಸಿಕೊಂಡು ಕೂತರೆ ಅರ್ಧ ಹಣ್ಣು ಖಾಲಿ. ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ಶುರುವಾದಾಗ ಡಾಕ್ಟರು ಆ ಹಣ್ಣನ್ನು ಬಿಡಿಸಿದರು. ಗ್ರೇಪ್‌ಫ್ರೂಟ್ ಈ ಚಕ್ಕೋತದ ಸಂತಾನ. ಕೆನಡಾದಲ್ಲಿ ಡೇವಿಡ್ ಬೇಯ್ಲಿ ತಂಡ ಮದ್ಯದ ರುಚಿ ಮುಚ್ಚಲು ಆ ರಸ ಬೆರೆಸಿ ಪ್ರಯೋಗ ಮಾಡಿದಾಗ, ಬಿಪಿ ಮಾತ್ರೆಯೊಂದು ರಕ್ತದಲ್ಲಿ ಲೆಕ್ಕ ಮೀರಿ ಏರಿತ್ತು, 1989ರ ಸುದ್ದಿ. ಔಷಧಿಯ ಒಂದು ಪಾಲನ್ನು ಕರುಳಿನ ಗೋಡೆಯಲ್ಲೇ ಮುರಿಯುವ ಕಿಣ್ವವನ್ನು ಹಣ್ಣು ಕಟ್ಟಿಹಾಕುತ್ತದೆ. ಹಣ್ಣು ತಾನೇ ಅನ್ನಬೇಡ.

ಅಶ್ವಗಂಧವೂ ಹಾಗೇ, ಬೇರು ತಾನೇ ಅನ್ನುತ್ತೀಯ. ಅದು ಥೈರಾಯ್ಡ್ ಹಾರ್ಮೋನನ್ನೇ ಏರಿಸಬಲ್ಲದು. ಡಾಕ್ಟರಿಗೆ ಹೇಳದೆ ಪುಡಿ ತಿಂದು, ರಿಪೋರ್ಟ್ ನೋಡಿ ಮಾತ್ರೆಯನ್ನು ಬೈಯುವುದು ಯಾವ ಊರಿನ ನ್ಯಾಯ? ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ಅಷ್ಟೆಲ್ಲ ಕೋಡ್ ಬರೆಯುವವಳಿಗೆ ಇಷ್ಟು ಬುದ್ಧಿ ಬೇಡವೇ?

ಸರಿ, ಬೈದದ್ದು ಸಾಕು. ನಿನ್ನಿಷ್ಟ, ಒತ್ತಾಯವಿಲ್ಲ. ರಾತ್ರಿ ಊಟವಾಗಿ 3 ಗಂಟೆ ಬಿಟ್ಟು ನುಂಗುವವರೂ ಇದ್ದಾರೆ, ಡಾಕ್ಟರನ್ನು ಕೇಳಿ ನೋಡು. ಆದರೆ ಅಮೆರಿಕದವರ ಕಾಲ್ ಮುಗಿಸಿ ಹನ್ನೊಂದಕ್ಕೆ ಮ್ಯಾಗಿ ಬೇಯಿಸುವವಳು ನೀನು. ನಿನಗೆ ಬೆಳಗ್ಗೆಯೇ ಸರಿ. ಡಾಕ್ಟರ ಹತ್ತಿರ ಹೋಗುವಾಗ ಪುಡಿಯ ಡಬ್ಬಿಯನ್ನೂ ಒಯ್ಯಿ, ಕಾಫಿಯ ವಿಷಯವನ್ನೂ ನಾಚದೆ ಹೇಳು. ಅಲ್ಲಿಯವರೆಗೆ ಡೋಸ್ ಬದಲಿಸಬೇಡ.

ಶನಿವಾರ ರಾತ್ರಿಯೇ ಬಂದುಬಿಡು. ಬೆಳಗ್ಗೆ ಆರಕ್ಕೆ ಇಬ್ಬರೂ ಮಾತ್ರೆ ನುಂಗಿ, ಏಳರವರೆಗೆ ಅವರೆಕಾಯಿ ಸುಲಿಯುತ್ತಾ ಕೂರೋಣ.

ನಿನ್ನ
ದೊಡ್ಡಮ್ಮ