ಆರೋಗ್ಯ ಪಾಠ: ಸಕ್ಕರೆ ಕಾಯಿಲೆ ಬರುವ ಮೊದಲು



ಕಾರಮಡೈ, ಮೇಟ್ಟುಪಾಳಯಂ, ಸಿರುಮುಗೈ ಕಡೆಯ ನಮ್ಮ ಮನೆಗಳಲ್ಲಿ ಈಗ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. "ನಮ್ಮಪ್ಪನಿಗೂ ಸಕ್ಕರೆ ಇತ್ತು, ನನಗೂ ಬಂದೇ ಬರುತ್ತದೆ. ಬಂದಾಗ ಮಾತ್ರೆ ನುಂಗಿದರಾಯಿತು." ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು ಎಂಬುದು ನಿಜ. ಬಂದೇ ತೀರುತ್ತದೆ ಎಂಬುದು ನಿಜವಲ್ಲ. ಹಾಗೆ ನಂಬಿ ಕೈಕಟ್ಟಿ ಕುಳಿತವರು ಕಣ್ಣು, ಮೂತ್ರಪಿಂಡ, ಕಾಲು ಇವುಗಳಿಗೆ ಅಪಾಯ ತಂದುಕೊಳ್ಳುವುದನ್ನು ನೋಡುತ್ತಿರುವುದರಿಂದಲೇ ಈ ಪಾಠ.

ಮಧುಮೇಹವು ಒಂದೇ ರಾತ್ರಿಯಲ್ಲಿ ಬರುವ ಕಾಯಿಲೆಯಲ್ಲ. ಅದಕ್ಕೆ ಮೊದಲು, ಹಲವರಲ್ಲಿ ವರ್ಷಗಟ್ಟಲೆ, ಒಂದು ನಡುವಿನ ಸ್ಥಿತಿ ಇರುತ್ತದೆ. ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟಾಗ ಸಕ್ಕರೆ 100ರಿಂದ 125 ಇದ್ದರೆ, ಅಥವಾ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ 140ರಿಂದ 199 ಇದ್ದರೆ ಅದು ಈ ಸ್ಥಿತಿ. ಬರಿಹೊಟ್ಟೆಯಲ್ಲಿ 126, ಗ್ಲೂಕೋಸ್ ಕುಡಿದ ಮೇಲೆ 200 ದಾಟಿದರೆ ಮಧುಮೇಹ. ನಡುವೆ ಇರುವವರಿಗೆ ಡಾಕ್ಟರು "ಬಾರ್ಡರ್‌ನಲ್ಲಿದೆ" ಎನ್ನುತ್ತಾರೆ. ಗಡಿಯಲ್ಲಿ ಬಾಳುವುದು ನಮಗೇನೂ ಹೊಸದಲ್ಲವಾದ್ದರಿಂದಲೋ ಏನೋ, ಆ ಮಾತು ಕೇಳಿ ನಾವು ನಿಶ್ಚಿಂತೆಯಿಂದ ಮನೆಗೆ ಬಂದುಬಿಡುತ್ತೇವೆ! ನಿಜವಾಗಿ ಎಚ್ಚರಗೊಳ್ಳಬೇಕಾದದ್ದು ಅಂದೇ. ಏಕೆಂದರೆ ಅಲ್ಲಿಂದ ಹಿಂದಿರುಗಲು ದಾರಿ ಇನ್ನೂ ಇದೆ.

ಇದು ಸಮಾಧಾನದ ಮಾತಲ್ಲ, ಪರೀಕ್ಷಿಸಿ ನೋಡಿದ ಸಂಗತಿ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಹೀಗೆ ನಡುವಿನ ಸ್ಥಿತಿಯಲ್ಲಿದ್ದ 531 ಜನರನ್ನು ಆರಿಸಿಕೊಂಡು, ನಾಲ್ಕು ಗುಂಪು ಮಾಡಿ ಸುಮಾರು ಮೂರು ವರ್ಷ ಗಮನಿಸಿದರು. ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ವಿಶೇಷ ಸಲಹೆ ಇಲ್ಲದೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಮಧುಮೇಹ ಬಂತು. ಊಟ ತಿದ್ದಿಕೊಂಡು ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯಲು ಹೇಳಿದ ಗುಂಪಿನಲ್ಲಿ ನೂರಕ್ಕೆ 39 ಜನರಿಗೆ ಮಾತ್ರ. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲಿ 40. ನಡಿಗೆ, ಪಥ್ಯ, ಮಾತ್ರೆ ಮೂರನ್ನೂ ಸೇರಿಸಿದರೂ 39ರ ಆಚೀಚೆಯೇ. ಅಂದರೆ ಊಟ ಮತ್ತು ನಡಿಗೆಯನ್ನು ಸರಿಪಡಿಸಿಕೊಂಡವರಿಗೆ ಮಾತ್ರೆಯಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಇವರು ಅಮೆರಿಕದವರಲ್ಲ, ನಮ್ಮಂತೆಯೇ ಅನ್ನ, ಇಡ್ಲಿ, ಸಾಂಬಾರು ಉಣ್ಣುವ ಜನ ಎಂಬುದನ್ನು ಗಮನಿಸಬೇಕು.

ಹಿಂದಿನವರೂ ಹೊಟ್ಟೆ ತುಂಬ ಉಣ್ಣುತ್ತಿದ್ದರಲ್ಲ ಎಂದು ಕೇಳುವವರುಂಟು. ಉಣ್ಣುತ್ತಿದ್ದರು. ಆದರೆ ಅವರು ಕಪಿಲೆ ಹೊಡೆದು ಬಾವಿಯಿಂದ ನೀರೆತ್ತಿದರು, ಗುಂಡಿಮಗ್ಗದಲ್ಲಿ ಕುಳಿತು ದಿನವಿಡೀ ಕೈಕಾಲಾಡಿಸಿದರು, ಸಂತೆಗೆ ನಡೆದೇ ಹೋದರು. ರಾಗಿ, ಜೋಳ, ಸಜ್ಜೆ ದಿನದ ಊಟವಾಗಿತ್ತು, ಅನ್ನ ಹಬ್ಬಕ್ಕೆ. ಇಂದು ನೀರೆತ್ತಲು ಮೋಟಾರು, ನೇಯಲು ಯಂತ್ರದ ಮಗ್ಗ, ಬೀದಿ ದಾಟಲೂ ಬೈಕು. ತಮಿಳುನಾಡಿನಲ್ಲಿ 2011ರಿಂದ ಪಡಿತರ ಅಕ್ಕಿ ಬೆಲೆಯಿಲ್ಲದೆ ಸಿಗುತ್ತಿದೆ. ಬಡವರ ಹಸಿವು ನೀಗಿಸಿದ ಒಳ್ಳೆಯ ಕೆಲಸವೇ ಅದು. ಆದರೆ ಮೂರು ಹೊತ್ತೂ ಅಕ್ಕಿಯನ್ನೇ ಇಡ್ಲಿ, ಅನ್ನ, ದೋಸೆ ಎಂದು ಹೆಸರು ಬದಲಿಸಿ ಉಣ್ಣಬೇಕೆಂದು ಯಾರೂ ಹೇಳಿಲ್ಲ.

ಎಲ್ಲಿಂದ ಆರಂಭಿಸಬೇಕು? ಟೀಯಿಂದ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಎಂಟು ಚಮಚ. ಚಿಕ್ಕ ಚಮಚಕ್ಕೆ ನಾಲ್ಕು ಗ್ರಾಂ ಹಿಡಿದರೂ ತಿಂಗಳಿಗೆ ಸುಮಾರು ಒಂದು ಕಿಲೋ ಆಯಿತು. ಟೀ ಜೊತೆಗೆ ಬೇಕರಿಯ ವರ್ಕಿ, ಪಫ್ಸು ಬೇರೆ. ಮೊದಲ ವಾರ ಅರ್ಧ ಚಮಚ ಇಳಿಸಿ, ಮುಂದಿನ ವಾರ ಇನ್ನರ್ಧ. ನಾಲಿಗೆ ಒಗ್ಗಿಕೊಳ್ಳುತ್ತದೆ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ದೋಷವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ.

ರಾಗಿಯ ವಿಷಯವೂ ಹಾಗೆಯೇ. ರಾಗಿ ಒಳ್ಳೆಯದು, ನಾರಿನ ಅಂಶವಿದೆ. ಆದರೆ ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನವನ್ನೂ ಉಂಡರೆ ಫಲವಿಲ್ಲ, ತೆಳ್ಳಗೆ ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಒಂದು ಸಣ್ಣ ಮುದ್ದೆ, ಅದಕ್ಕೆ ಧಾರಾಳವಾಗಿ ಸೊಪ್ಪು ಕಾಳಿನ ಸಾರು ಎಂಬುದು ಸರಿಯಾದ ಲೆಕ್ಕ. ತಟ್ಟೆಯ ಅರ್ಧಭಾಗ ಪಲ್ಯ, ಸೊಪ್ಪು, ಹಸಿ ತರಕಾರಿ. ಕಾಲುಭಾಗ ಹುರುಳಿ, ಹೆಸರು, ಕಡಲೆಯಂಥ ಕಾಳು. ಉಳಿದ ಕಾಲುಭಾಗ ಮಾತ್ರ ಅನ್ನವೋ ಮುದ್ದೆಯೋ. ಪಲ್ಯವನ್ನು ಮೊದಲು ತಿಂದರೆ ಅನ್ನ ತಾನೇ ಕಡಿಮೆಯಾಗುತ್ತದೆ. ಮೇಟ್ಟುಪಾಳಯದ ಮಂಡಿಯಿಂದ ಊರೂರಿಗೆ ಹೋಗುವ ಆಲೂಗೆಡ್ಡೆಯನ್ನು ಪಲ್ಯದ ಲೆಕ್ಕಕ್ಕೆ ಸೇರಿಸಬೇಡಿ, ಅದು ಅನ್ನದ ಜಾತಿ.

ದಾಸೋಹದಲ್ಲಿ, ಮದುವೆಯಲ್ಲಿ ಏನು ಮಾಡುವುದು ಎಂದು ತಾಯಂದಿರು ಕೇಳುತ್ತಾರೆ. ಪ್ರಸಾದವನ್ನು ಬಿಡಬಾರದು ಎಂಬುದು ನಮ್ಮ ನಡೆ, ಅದನ್ನು ಮುರಿಯಬೇಕಾಗಿಲ್ಲ. ಬಿಡಬಾರದಾದ್ದರಿಂದಲೇ ಕಡಿಮೆ ನೀಡಿಸಿಕೊಳ್ಳಬೇಕು. ಪಾಯಸ ಒಂದು ಚಮಚ ಸಾಕು ಎಂದು ಕೈಯಡ್ಡ ಹಿಡಿದರೆ ಪ್ರಸಾದಕ್ಕೆ ಅಗೌರವವಲ್ಲ. ಬಡಿಸುವವರೂ ಬಲವಂತ ಮಾಡುವುದನ್ನು ಬಿಡಬೇಕು. ಸೋಮವಾರ ಉಪವಾಸವೆಂದು ಬೆಳಿಗ್ಗೆ ಬಿಟ್ಟು ಸಂಜೆ ಸಬ್ಬಕ್ಕಿ, ಬಾಳೆಹಣ್ಣು, ಸಿಹಿ ಎಲ್ಲವನ್ನೂ ಒಟ್ಟಿಗೆ ತಿನ್ನುವುದರಿಂದ ತೂಕ ಇಳಿಯುವುದಿಲ್ಲ. ಈಗಾಗಲೇ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸವನ್ನೇ ಮಾಡಬಾರದು. ಸಕ್ಕರೆ ಒಮ್ಮೆಲೇ ಕುಸಿದು ಪ್ರಜ್ಞೆ ತಪ್ಪಬಹುದು.

ತೂಕ ಎಷ್ಟು ಇಳಿಯಬೇಕು? 70 ಕಿಲೋ ಇರುವವರು ಐದು ಕಿಲೋ ಇಳಿದರೆ ಬಹಳವಾಯಿತು, ಅದೂ ಆರು ತಿಂಗಳಲ್ಲಿ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿಯೂ ನೂರಕ್ಕೆ ಏಳರಷ್ಟು ತೂಕ ಮತ್ತು ವಾರಕ್ಕೆ 150 ನಿಮಿಷದ ನಡಿಗೆ. ಅಲ್ಲಿ ಮಧುಮೇಹ ಬರುವುದು ಅರ್ಧಕ್ಕಿಂತ ಹೆಚ್ಚು ತಗ್ಗಿತು. ನಮ್ಮ ಚೆನ್ನೈ ಅಧ್ಯಯನದಲ್ಲಿ ಒಂದು ಸೋಜಿಗವಿದೆ. ಅಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಆದರೂ ಕಾಯಿಲೆ ತಗ್ಗಿತು. ಆದ್ದರಿಂದ ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ನಡಿಗೆ ನಿಲ್ಲಿಸಬೇಡಿ.

ನಡೆಯಲು ಕಾರಮಡೈಯಲ್ಲಿ ಪಾರ್ಕು ಹುಡುಕಬೇಕಾಗಿಲ್ಲ. ಕೊಯಮತ್ತೂರು ರಸ್ತೆಯ ಲಾರಿಗಳ ನಡುವೆ ಬೇಡ, ಕರಿಬೇವಿನ ತೋಟಗಳ ನಡುವಿನ ದಾರಿಗಳಿವೆ. ಹೆಂಗಸರು ಮನೆಗೆಲಸವೇ ವ್ಯಾಯಾಮವಲ್ಲವೆ ಎನ್ನುತ್ತಾರೆ. ಉಸಿರು ಸ್ವಲ್ಪ ಹೆಚ್ಚಬೇಕು, ಮಾತಾಡಲು ಆಗಬೇಕು, ಹಾಡಲು ಆಗಬಾರದು; ಆ ವೇಗದ ಕೆಲಸವಾದರೆ ಸರಿ, ಒಲೆಯ ಮುಂದೆ ನಿಲ್ಲುವುದು ಅದಲ್ಲ. ಇಬ್ಬರು ಮೂವರು ಜೊತೆಯಾದರೆ ಸಂಕೋಚವೂ ಇರದು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಂಡು ಹೆರಿಗೆಯ ನಂತರ ಹೋಯಿತೆನ್ನುವ ಹೆಣ್ಣುಮಕ್ಕಳು ಇದರಲ್ಲಿ ಮೊದಲಿಗರಾಗಬೇಕು. ಅವರಿಗೆ ಮುಂದೆ ಮಧುಮೇಹ ಬರುವ ಸಂಭವ ಬಹಳ ಹೆಚ್ಚು.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಮನೆಬಾಗಿಲಿಗೇ ಬಂದು ಸಕ್ಕರೆ, ರಕ್ತದೊತ್ತಡ ನೋಡುವ ತಮಿಳುನಾಡು ಸರ್ಕಾರದ ಯೋಜನೆ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕೇಳಬಹುದು. 30 ದಾಟಿದವರು, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ. ಅದಕ್ಕೂ ಮೊದಲು ಇಂದೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಹೊಲಿಗೆಯ ಟೇಪು ಹಿಡಿದು ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ನೋಡಿ, ಉಸಿರು ಎಳೆದುಕೊಂಡು ಮೋಸ ಮಾಡದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿರಬಾರದು. ಬಂದ ಅಳತೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಂದಿನ ತಾರೀಖಿನ ಕೆಳಗೆ ಬರೆದಿಡಿ. ಮೂರು ತಿಂಗಳ ನಂತರ ಅದೇ ಟೇಪಿನಿಂದ ಮತ್ತೆ ಅಳೆಯೋಣ.