ಕಾಳಿನ ಕೋಣೆಗೆ ಪ್ರಯೋಗಶಾಲೆಯ ಪಾಠ

ಮಣ್ಣು ಪರೀಕ್ಷಾ ಪ್ರಯೋಗಶಾಲೆಯಲ್ಲಿ ಸಾವಯವ ಇಂಗಾಲವನ್ನು ಅಳೆಯಲು ಪ್ರಬಲ ಗಂಧಕಾಮ್ಲ ಬಳಸುತ್ತಾರೆ. ಅದರ ಹೊಗೆ ಕೆಲಸಗಾರರ ಮೂಗಿಗೆ ತಗಲದಂತೆ, ಮುಂದೆ ಗಾಜಿನ ಬಾಗಿಲೂ ಮೇಲೆ ಗಾಳಿ ಎಳೆಯುವ ಫ್ಯಾನೂ ಇರುವ ಕಪಾಟಿನಲ್ಲಿ ಕೆಲಸ ನಡೆಯುತ್ತದೆ. ಕಪಾಟು ಚೆನ್ನಾಗಿದ್ದರೆ ಸಾಲದು, ಇಟ್ಟ ಜಾಗವೂ ಸರಿಯಿರಬೇಕು. ಕಪಾಟಿನ ಬಾಯಿಯೊಳಗೆ ಗಾಳಿ ಹೋಗುವುದು ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ. ಮನುಷ್ಯನ ನಡಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ಮುಂದೆ ಒಬ್ಬರು ಬಿರಬಿರನೆ ಹಾಯ್ದರೂ ಹೊಗೆ ಹೊರಗೆ ಎಳೆದು ಬರುತ್ತದೆ. ಆದುದರಿಂದ ಕಪಾಟನ್ನು ಬಾಗಿಲು, ಕಿಟಕಿ, ಓಡಾಟದ ದಾರಿಗಳಿಂದ ದೂರವಿಡುತ್ತಾರೆ. ಗಾಳಿ ಮನುಷ್ಯನ ಕಡೆಯಿಂದ ವಿಷದ ಕಡೆಗೆ ಹೋಗಿ ಹೊರಬೀಳಬೇಕು.

ತಾವರಗೇರಾ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಬಿಸಿಲಿಗೆ ಹೇಳಿ ಮಾಡಿಸಿದ ಮನೆ. ಆದರೆ ಸಜ್ಜೆ, ತೊಗರಿ, ಕಡಲೆ ಚೀಲಗಳಿರುವ ಒಳಗೋಣೆಯ ಗಾಳಿ ಜನ ಮಲಗುವ ಪಡಸಾಲೆಯನ್ನು ದಾಟಿಯೇ ಹೊರಹೋಗಬೇಕು.

ಅಂಥ ಕೋಣೆಯಲ್ಲಿ ಹುಳುವಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವುದು ಪ್ರಾಣಕ್ಕೇ ಅಪಾಯ. 3 ಗ್ರಾಂ ಗುಳಿಗೆಯೊಂದು ಗಾಳಿಯ ತೇವವನ್ನು ಹೀರಿ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಅದೂ ಒಮ್ಮೆಗೇ ಅಲ್ಲ, ತಾಸುಗಟ್ಟಲೆ. ಸಂಜೆ ಇಟ್ಟದ್ದು ಮಕ್ಕಳು ಮಲಗಿದ ಮೇಲೆ ಹೆಚ್ಚುತ್ತದೆ; ಬಾಗಿಲ ಸಂದು, ಜಂತಿಯ ಸಂದುಗಳಲ್ಲಿ ನುಸುಳಿ ಪಕ್ಕದ ಕೋಣೆ ಸೇರುತ್ತದೆ. ಬೆಳ್ಳುಳ್ಳಿಯಂಥ ವಾಸನೆ ಬಂದರೆ ಎದ್ದು ಹೋದರಾಯಿತು ಎನ್ನುವಂತಿಲ್ಲ, ವಾಸನೆ ಯಾವಾಗಲೂ ಬರುವುದಿಲ್ಲ. ಈ ವಿಷಕ್ಕೆ ಮದ್ದೂ ಇಲ್ಲ. ಪರಿಣತರ ಮೇಲ್ವಿಚಾರಣೆಯಿಲ್ಲದೆ ಇದನ್ನು ಬಳಸಲು ಕಾನೂನು ಬಿಡುವುದಿಲ್ಲ. ವಾಸದ ಮನೆಯಲ್ಲಂತೂ ಬೇಡವೇ ಬೇಡ. ಬೇಳೆಕಾಳನ್ನು ಬಿಸಿಲಿಗೆ ಹರವಿ ತೇವಾಂಶ ಶೇ. 10ಕ್ಕಿಂತ ಕಡಿಮೆ ಮಾಡಿ, ಗಾಳಿಯಾಡದ ತಗಡಿನ ಕಣಜಕ್ಕೆ ತುಂಬಿದರೆ ಗುಳಿಗೆಯ ಹಂಗೇ ಇರದು.

ಹಗೇವಿನ ಮಾತು ಬೇರೆ. ಅಲ್ಲಿ ಗುಳಿಗೆ ಇಲ್ಲದಿದ್ದರೂ ಕಾಳು ತಾನೇ ಉಸಿರಾಡಿ ಆಮ್ಲಜನಕವನ್ನು ಮುಗಿಸಿರುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲೇ ನಿಲ್ಲುತ್ತದೆ. ದೀಪ ಇಳಿಬಿಟ್ಟು ನೋಡುವ ಹಿರಿಯರ ರೂಢಿ ಒಳ್ಳೆಯದೇ. ದೀಪ ಆರಿದರೆ ಇಳಿಯಲೇಬಾರದು. ಆದರೆ ಉರಿಯಿತೆಂದು ಪೂರ್ತಿ ನಂಬುವಂತಿಲ್ಲ. ಫಾಸ್ಫೀನ್ ಇದ್ದರೆ ದೀಪ ಅದನ್ನು ತೋರಿಸದು. ಬಾಯಿ ತೆರೆದು ಒಂದು ದಿನವಾದರೂ ಬಿಡಬೇಕು, ಇಳಿಯುವವರ ನಡುವಿಗೆ ಹಗ್ಗವಿರಬೇಕು, ಮೇಲೆ ಎಳೆಯಲು ಇಬ್ಬರು ನಿಲ್ಲಬೇಕು. ಒಳಗೆ ಬಿದ್ದವರನ್ನು ಎತ್ತಲು ಹಿಂದೆಯೇ ಜಿಗಿದವರೂ ಅಲ್ಲೇ ಉಳಿಯುತ್ತಾರೆ.

ಸಿಂಪರಣೆಯ ಔಷಧಿಗಳಿಗೆ ಮನೆಯಿಂದ ದೂರ ಚಿಕ್ಕ ಕೋಣೆ ಕಟ್ಟುವುದು ಮೇಲು. ಮುಂಗಾರಿನಲ್ಲಿ ಪಡುವಣ ಗಾಳಿ, ಹಿಂಗಾರಿನಲ್ಲಿ ಮೂಡಣ ಗಾಳಿ. ಹೀಗಾಗಿ ಯಾವ ದಿಕ್ಕೂ ವರ್ಷಪೂರ್ತಿ ಸುರಕ್ಷಿತವಲ್ಲ, ದೂರವೇ ರಕ್ಷಣೆ. ಎದುರುಬದುರು ಗೋಡೆಗಳಲ್ಲಿ ಒಂದು ಕಿಂಡಿ ನೆಲದ ಹತ್ತಿರ, ಇನ್ನೊಂದು ಮೇಲೆ ಇರಲಿ. ಬಾಗಿಲು ಹೊರಕ್ಕೆ ತೆರೆಯಲಿ, ಬೀಗ ಇರಲಿ. ಬೀಜ, ದನದ ಹಿಂಡಿ, ಕುಡಿಯುವ ನೀರಿನ ಕೊಡ ಆ ಕೋಣೆಗೆ ಹೋಗಬಾರದು.